ಗುಳಿಗೆ ತರಿಸಿದ ರಕ್ತಸ್ರಾವ ಮುಟ್ಟಲ್ಲ

ಪೊಲೀಸ್ ನೇಮಕಾತಿಯ ಪ್ರಕಟಣೆ ಹೊರಬಿತ್ತೆಂದರೆ ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಅದರ ಓಟದ ಪರೀಕ್ಷೆಗೆ ತಯಾರಾಗುವ ಹುಡುಗಿಯರು ಬರತೊಡಗುತ್ತಾರೆ, ಜೊತೆಗೆ ಅವರ ತಾಯಂದಿರು. "ಮೇಡಂ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಒಂದು ಗುಳಿಗೆ ಬರೆದುಕೊಡಿ." ಗುಳಿಗೆ ನುಂಗಿ ರಕ್ತ ಕಂಡರೆ ಚಿಂತೆ ಕಳೆಯಿತೆಂದು ಊರಿಗೆ ಹೋಗಿಬಿಡುತ್ತಾರೆ. ನನ್ನ ತಕರಾರು ಇದೇ.

ಇವರಲ್ಲಿ ಹೆಚ್ಚಿನವರ ಮುಟ್ಟು ನಿಂತಿರುವುದು ಓಡಿದ್ದರಿಂದಲ್ಲ, ಓಡಿದಷ್ಟು ಉಣ್ಣದಿದ್ದುದರಿಂದ. ಶಕ್ತಿ ಸಾಲದಾದಾಗ ಮೆದುಳಿನ ಹೈಪೋಥಲಾಮಸ್ ತನ್ನ ಸಂಕೇತಗಳನ್ನು ತಗ್ಗಿಸುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಬರುವ, ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನು ಇಳಿಯುತ್ತದೆ, ಅಂಡ ಬಲಿಯುವುದಿಲ್ಲ, ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಕುಸಿಯುತ್ತದೆ. ಗುಳಿಗೆ ಇದರಲ್ಲಿ ಯಾವುದನ್ನೂ ಸರಿಪಡಿಸುವುದಿಲ್ಲ. ಗರ್ಭನಿರೋಧಕ ಗುಳಿಗೆಯ ಹಾರ್ಮೋನು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಗುಳಿಗೆ ನಿಂತಾಗ ಆ ಪದರ ಉದುರುತ್ತದೆ. ಅಂಡ ಬಿಡುಗಡೆಯಾಗಿಲ್ಲ, ಮೆದುಳು ಇನ್ನೂ ಮೌನವಾಗಿಯೇ ಇದೆ. ಬರೀ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಟ್ಟರೆ, ಈಸ್ಟ್ರೋಜನ್ ತೀರಾ ಇಳಿದವರಿಗೆ ಆ ರಕ್ತವೂ ಕಾಣಿಸದಿರಬಹುದು. ಆಗ ತಾಯಂದಿರು ಇನ್ನೂ ಜೋರಾದ ಗುಳಿಗೆ ಕೇಳುತ್ತಾರೆ! ಮತ್ತೊಮ್ಮೆ ಹೇಳುತ್ತೇನೆ: ರಕ್ತ ಕಂಡಿತೆಂಬ ಮಾತ್ರಕ್ಕೆ ಋತುಚಕ್ರ ಮರಳಿತೆಂದು ಅರ್ಥವಲ್ಲ.

ಈಸ್ಟ್ರೋಜನ್ ಇಲ್ಲದೆ ಸೊರಗುವುದು ಮೂಳೆ. ಜೇವರ್ಗಿ ಕಡೆಯ ಒಬ್ಬ ಹುಡುಗಿ ಕಾಲುನೋವೆಂದು ಬಂದಿದ್ದಳು. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒಂದೇ ಒಂದು ಜಾಗದಲ್ಲಿ ಬೆರಳಿಟ್ಟು ಒತ್ತಿದೆ, ಥಟ್ಟನೆ ಕಾಲು ಎಳೆದುಕೊಂಡಳು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಎಂಆರ್‌ಐಯಲ್ಲಿ ಬಿರುಕು ಕಂಡಿತು. ನಸುಕಿನಲ್ಲಿ ಬರೀ ಚಹಾ ಕುಡಿದು ಕ್ರೀಡಾಂಗಣಕ್ಕೆ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ರಾತ್ರಿ ಏನೂ ಇಲ್ಲ. ಹಗುರಾದರೆ ಜೋರಾಗಿ ಓಡಬಹುದೆಂದು ಯಾರೋ ತಲೆಗೆ ತುಂಬಿದ್ದರು. ತಾಯಿ ಕಳಿಸಿದ ಶೇಂಗಾ ಹಿಂಡಿಯ ಡಬ್ಬಿ ಹಾಸ್ಟೆಲ್ಲಿನ ಟ್ರಂಕಿನಲ್ಲಿ ಮುಚ್ಚಳ ತೆರೆಯದೆ ಕುಳಿತಿತ್ತಂತೆ. ಅದನ್ನು ಕೇಳಿ ಅವಳಿಗಿಂತ ನನಗೇ ಹೆಚ್ಚು ಸಂಕಟವಾಯಿತು.

ಲೆಕ್ಕ ಬೇಕೆನ್ನುವವರಿಗೆ: 48 ಕೆ.ಜಿ. ತೂಕದವಳಲ್ಲಿ ಕೊಬ್ಬು ಬಿಟ್ಟು 38 ಕೆ.ಜಿ. ಇದೆ ಎನ್ನೋಣ. ಆ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿಯಂತೆ 1,710, ಓಟದಲ್ಲಿ ಕರಗಿದ್ದು 400 ಎಂದರೆ ದಿನಕ್ಕೆ ಒಟ್ಟು 2,110 ಕ್ಯಾಲೊರಿ ಉಣ್ಣಬೇಕು. ಉಂಡದ್ದರಲ್ಲಿ ಓಟದ ಖರ್ಚು ಕಳೆದು ಆ ಕಿಲೋಗೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ ತೊಂದರೆಯ ಸಂಭವ ಹೆಚ್ಚು. ಇದು ಅಂದಾಜು, ಎಲ್ಲರ ದೇಹವೂ ಒಂದೇ ಅಲ್ಲ. ತೊಗರಿಯ ನಾಡಿನಲ್ಲಿ ಇಷ್ಟನ್ನು ತುಂಬಿಸಲು ಡಬ್ಬಿಯ ಪ್ರೋಟೀನ್ ಪುಡಿ ಬೇಕಿಲ್ಲ. ಬೇಳೆ, ರೊಟ್ಟಿ, ಶೇಂಗಾ, ಮೊಸರು ಸಾಕು. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಮುಗಿದ ಕೂಡಲೇ ತಿಂಡಿ.

ಹಾಗೆಂದು ಮುಟ್ಟು ನಿಂತವರೆಲ್ಲ ಉಣ್ಣದವರೇ ಎಂದು ನಾನು ಹೇಳುತ್ತಿಲ್ಲ. ಗರ್ಭಧಾರಣೆ, ಥೈರಾಯ್ಡ್, ಹಾಲೂಡಿಕೆಯ ಹಾರ್ಮೋನು ಪ್ರೊಲ್ಯಾಕ್ಟಿನ್, ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇವನ್ನೆಲ್ಲ ನೋಡಿಯೇ ನಿರ್ಧರಿಸಬೇಕು. ಮೂರು ತಿಂಗಳು ಮುಟ್ಟಾಗದಿದ್ದರೆ ಔಷಧಿ ಅಂಗಡಿಗಲ್ಲ, ವೈದ್ಯರ ಬಳಿಗೆ ಬನ್ನಿ. ಹಾರ್ಮೋನು ಪರೀಕ್ಷೆಯ ವರದಿ ತರುವವರು ಕಳೆದ ಮುಟ್ಟಿನ ದಿನಾಂಕವನ್ನೂ, ಈಗಾಗಲೇ ನುಂಗಿರುವ ಗುಳಿಗೆಯ ಹೆಸರನ್ನೂ ಅದರ ಮೇಲೆ ಬರೆದು ತನ್ನಿ. ಅವೆರಡು ತಿಳಿಯದೆ ಈಸ್ಟ್ರೋಜನ್ನಿನ ಅಂಕಿ ನೋಡಿ ನಾನು ಏನನ್ನೂ ಖಚಿತವಾಗಿ ಹೇಳಲಾರೆ.