ಟ್ರೇಲರ್ ಮೂತಿ ಮ್ಯಾಲೆ ಯಾಕ ನೋಡತೈತಿ

ಹೋದ ಕಬ್ಬಿನ ಸೀಸನ್‌ನ್ಯಾಗ ಹಾವೇರಿ ಕಡಿ ರೈತರೊಬ್ರು ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ವರ್ಕ್‌ಶಾಪಿಗೆ ಬಂದು, ಹೊಸಾ ಟ್ರ್ಯಾಕ್ಟರ್ ತಗೊಂಡೇನ್ರಿ, ಏರು ಬಂತಂದ್ರ ಹಿಂದಿನ ಗಾಲಿ ಜಾರತಾವ, ಟ್ರೇಲರ್ ಸಿಗಸೂ ಹುಕ್ಕು ಟಕ್ ಟಕ್ ಅಂತ ಹೊಡಿತೈತಿ, ಇಂಜಿನ್ನಿಗೆ ದಮ್ ಇಲ್ಲೇನೊ ಅಂದ್ರು. ನಾ ಇಂಜಿನ್ ಮುಟ್ಟಲೇ ಇಲ್ಲ, ಟೇಪ್ ತಗೊಂಡು ಹಿಂದಕ್ಕ ಹೋದೆ.

ಹಳೇ ಟ್ರ್ಯಾಕ್ಟರ್ 35 ಎಚ್‌ಪಿ, ಹಿಂದಿನ ಟೈರು 12.4-28, ಅಂದ್ರ ಟೈರಿನ ಅಗಲ 12.4 ಇಂಚು, ರಿಮ್ 28 ಇಂಚು. ಹೊಸಾದು 50 ಎಚ್‌ಪಿ, ಟೈರು 14.9-28. ಬರೇ ಟೈರಿಂದನ ಆಕ್ಸಲ್ ಸುಮಾರು 2 ಇಂಚು ಮ್ಯಾಲೆ ಹೋಗೇತಿ, ಅದರ ಕೂಡ ಹುಕ್ಕೂ ಹೋಗೇತಿ, ಎರಡು ಗಾಲಿ ಟ್ರೇಲರ್ ಮಾತ್ರ ಹಳೇದ. 2 ಇಂಚು ಏನ್ ಮಹಾ ಅನ್ನಬ್ಯಾಡ್ರಿ, ಲೋಡ್ ಆದ ಮ್ಯಾಲೆ ಟ್ರೇಲರಿನ ಕಮಾನ್ ಪಟ್ಟಿ ಕುಂದ್ರತಾವ, ಟ್ರ್ಯಾಕ್ಟರಿಗೆ ಹಿಂದ ಪಟ್ಟಿನ ಇರೂದಿಲ್ಲ, ಅಲ್ಲಿ ಟೈರಷ್ಟ ಅಮುಕೂದು. ಅವ್ರ ಪಟ್ಟಿ ಎರಡೂವರಿ ಇಂಚು ಕುಂತಿದ್ವು. ಎಲ್ಲಾ ಕೂಡಿ ಹುಕ್ಕಿನ ಹತ್ರ ನಾಲ್ಕೂವರಿ ಇಂಚು ಫರಕು.

ಚಕ್ಕಡಿ ಹೊಡದವ್ರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಮುಂಭಾರಾದ್ರ ನೊಗ ಎತ್ತಿನ ಹೆಗಲು ಒತ್ತತೈತಿ, ಹಿಂಭಾರಾದ್ರ ನೊಗ ಮ್ಯಾಲೆದ್ದು ಎತ್ತಿನ ಕುತ್ತಿಗಿ ಬಿಗಿತೈತಿ. ಇಲ್ಲೂ ಅದ, ಹಿಂಭಾರ ಆತಂದ್ರ ಟ್ರೇಲರಿನ ಮೂತಿ ಹುಕ್ಕನ್ನ ಮ್ಯಾಲೆ ಎತ್ತತೈತಿ, ಹಿಂದಿನ ಗಾಲಿ ಮ್ಯಾಲಿನ ಭಾರ ಹೋಗತೈತಿ, ಭಾರ ಇಲ್ಲದ ಗಾಲಿ ಜಾರಲಾರದ ಏನ್ ಮಾಡತೈತಿ. ತಪ್ಪು ಬರೇ ಎತ್ತರದ್ದಲ್ಲ ಬಿಡ್ರಿ, ಕಬ್ಬು ಹೇರಿದವ್ರು ಹಿಂದ ಜೋತು ಬೀಳೂಹಂಗ ಹೇರಿದ್ರು, ಎತ್ತರ ಅದಕ್ಕ ತುಪ್ಪ ಸುರೀತು.

ಅಳತಿ ತುಂಬಿದ ಟ್ರೇಲರಿಂದ ತಗೋರಿ, ಸಿಮೆಂಟ್ ನೆಲದ ಮ್ಯಾಲೆ, ಟೈರಿನ ಗಾಳಿ ಸರಿ ಇದ್ದಾಗ. ಹುಕ್ಕು ಬಿಚ್ಚೂ ಗೊಡವಿಗೆ ಹೋಗಬ್ಯಾಡ್ರಿ, ಹಿಂಭಾರದ ಟ್ರೇಲರ್ ಪಿನ್ ಕಿತ್ತ ಕೂಡ್ಲೆ ಮೂತಿ ಎಗರಿ ಗದ್ದ ಒಡಿತೈತಿ. ತೊಟ್ಟಿ ತಳದ ಮುಂದಿನ ಮೂಲಿಯಿಂದ ನೆಲಕ್ಕ ಎಷ್ಟು, ಹಿಂದಿನ ಮೂಲಿಯಿಂದ ಎಷ್ಟು, ಸೀಮೆಸುಣ್ಣದಾಗ ಅಲ್ಲೇ ಬರೀರಿ. ಇವ್ರದು ಮುಂದ 4 ಇಂಚು ಹೆಚ್ಚು ಬಂತು, ಇದು ತೊಟ್ಟಿ ಮೂಲಿ ಅಳತಿ, ಹುಕ್ಕಿನ ನಾಲ್ಕೂವರಿ ಲೆಕ್ಕ ಬ್ಯಾರೆ.

ಇದರ ಉಲ್ಟಾ ಕೇಸೂ ಬರತಾವ, ಟ್ರೇಲರ್ ಎತ್ತರ, ಹುಕ್ಕು ಕೆಳಗ. ಆವಾಗ ಕೆಲವ್ರು ಟಾಪ್ ಲಿಂಕ್, ಅಂದ್ರ ನೇಗಿಲ ಹಿಡಿಯೂ ಮ್ಯಾಲಿನ ತೋಳು, ಅದರ ಹತ್ರಾನ ಜೋಡಿಸಿ ಎಳಿತಾರ, ಇದನ್ನ ನೋಡಿದ್ರ ನನಗ ಮೈ ಉರಿತೈತಿ. ನೆಲದಿಂದ 18 ಇಂಚಿನ್ಯಾಗ ಎಳಿಯೂದು 27ಕ್ಕ ಹೋತಂದ್ರ, ಅಷ್ಟ ಎಳತಕ್ಕ ಮುಂದಿನ ಗಾಲಿ ಎತ್ತೂ ಬಲ ಒಂದೂವರಿ ಪಟ್ಟಾಗತೈತಿ, ಟ್ರ್ಯಾಕ್ಟರ್ ಹಿಂದಕ್ಕ ಮಗಚಿ ಬಿದ್ರ ಡ್ರೈವರಿಗೆ ಜಿಗಿಯಾಕೂ ಟೈಮ್ ಸಿಗೂದಿಲ್ಲ. ಹುಕ್ಕಿಗೆ ತಾವ ವೆಲ್ಡಿಂಗ್ ಹೊಡಸೂದೂ ಬ್ಯಾಡ.

ಹಾವೇರಿಯವ್ರ ಹುಕ್ಕಿನ ಬ್ರಾಕೆಟ್ಟಿಗೆ ಕೆಳಗ ಇನ್ನೊಂದು ತೂತಿತ್ತು, ಇಳಿಸಿದ್ವಿ, 2 ಇಂಚು ಅಲ್ಲೇ ಬಂತು. ಪಟ್ಟಿ ನೋಡಿದ್ರ ಎರಡು ಎಲಿ ಮುರದಿದ್ವು, ಸೆಟ್ ಬದಲಿ ಮಾಡಿದ್ವಿ, ಮತ್ತ 2 ಇಂಚು ಸಿಕ್ತು. ಅರ್ಧ ಇಂಚು ಉಳೀತು, ಅದಕ್ಕ ತಲಿ ಕೆಡಿಸ್ಕೊಳ್ಳಲಿಲ್ಲ. ಭಾರ ಇಲ್ಲದಾಗ ಪಟ್ಟಿ ಎದ್ದಿರತಾವ, ಹಂಗಾಗಿ ಖಾಲಿ ಟ್ರೇಲರ್ ಈಗ ಮೂತಿ ತಗ್ಗಿಸಿ ನಿಂತಿತ್ತು, ಅವ್ರು ಅದನ್ನ ನೋಡಿ ಇದೇನ್ರಿ ಈಗ ಮುಂದಕ್ಕ ವಾಲೇತಲ್ಲ ಅಂತ ಬಿಲ್ ಕೊಡಾಕ ಹಿಂದಮುಂದ ನೋಡಿದ್ರು. ಒಂದು ಲೋಡ್ ಹೇರಿ ಬರ್ರಿ, ಆಮ್ಯಾಲೆ ಕೊಡೂರಂತ ಅಂದೆ.