ಕಂಪ್ಯೂಟರಿನಲ್ಲಿ ಪೆನ್ಸಿಲ್ ಎಲ್ಲುಂಟು?

2004ರ ಮಾತು. ಉಡುಪಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳ ಟಿಕೆಟನ್ನು ಇಂಟರ್ನೆಟ್ಟಿನಲ್ಲಿ ಮಾರುವ ವ್ಯವಸ್ಥೆ ಮಾಡಿಕೊಡುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಸಿಕ್ಕಿತ್ತು. ರೈಲು ಟಿಕೆಟ್ 2002ರಲ್ಲೇ ಆನ್‌ಲೈನ್ ಆಗಿತ್ತು. ಆದರೆ ಬುಕ್ ಮಾಡಿದ ಟಿಕೆಟ್ ಕೊರಿಯರಿನಲ್ಲಿ ಮನೆಗೆ ಬರುವವರೆಗೆ ಕಾಯಬೇಕಿತ್ತು.

ಕೆಲಸ ಕಲಿಯಲೆಂದು ಬುಕಿಂಗ್ ಆಫೀಸಿನಲ್ಲಿ ಎರಡು ದಿನ ಕೂತೆ. ಅಲ್ಲಿದ್ದದ್ದು ಒಂದು ಫೋನು, ಒಂದು ಚಾರ್ಟ್ ಪುಸ್ತಕ. ಫೋನಿನಲ್ಲಿ ಸೀಟು ಹೇಳಿದವರ ಹೆಸರು ಪೆನ್ಸಿಲಿನಲ್ಲಿ, ದುಡ್ಡು ಕೊಟ್ಟವರದ್ದು ಪೆನ್ನಿನಲ್ಲಿ. ಸಂಜೆ ಐದಕ್ಕೆ ಏಜೆಂಟರು ರಬ್ಬರ್ ಹಿಡಿದು, ಬಾರದವರನ್ನು ಅಳಿಸುತ್ತಿದ್ದರು. ನೋಡಿದೆ, ಆದರೆ ತಲೆಗೆ ಹೋಗಲಿಲ್ಲ. ಡೇಟಾಬೇಸಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಚಾರ್ಟ್ ಪುಸ್ತಕದಲ್ಲಿ, ಸೀಟಿಗೆ ಎರಡೇ ಸ್ಥಿತಿ ಇಟ್ಟೆ: ಖಾಲಿ, ಭರ್ತಿ.

ಮೊದಲ ವಾರವೇ ಒಂದು ಸೀಟಿಗೆ ಇಬ್ಬರು. ಫೋನ್ ಲೈನಿನಲ್ಲೇ ನಿಧಾನವಾಗಿ ಇಂಟರ್ನೆಟ್ ಬರುತ್ತಿದ್ದ ಡಯಲಪ್ ಕಾಲ, ಕಾರ್ಡ್ ನಂಬರ್ ಹಾಕಿ ಮುಗಿಸುವಾಗ ಐದು ನಿಮಿಷ ಹೋಗುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬರಿಗೂ ಅದೇ ಸೀಟು ಖಾಲಿ ಎಂದು ಕಾಣುತ್ತಿತ್ತು. ಏಜೆಂಟರು ಕೇಳಿದ್ದು ಇಷ್ಟೇ: "ಮಾರಾಯ್ರೆ, ನಿಮ್ಮ ಕಂಪ್ಯೂಟರಿನಲ್ಲಿ ಪೆನ್ಸಿಲ್ ಎಲ್ಲುಂಟು?"

ಪೆನ್ಸಿಲ್ ಎಂದರೆ ಮೂರನೆಯ ಸ್ಥಿತಿ: ಹಿಡಿದಿಟ್ಟದ್ದು. ಸೀಟು ಒತ್ತಿದ ಕೂಡಲೇ ಅದು ಹತ್ತು ನಿಮಿಷ ಒತ್ತಿದವರ ಹೆಸರಿಗೆ. ಇಲ್ಲೊಂದು ಸೂಕ್ಷ್ಮ ಉಂಟು. ಮೊದಲು ನೋಡಿ ಆಮೇಲೆ ಬರೆದರೆ, ನಡುವಿನ ಕ್ಷಣದಲ್ಲಿ ಬೇರೆಯವರು ನುಗ್ಗುತ್ತಾರೆ. ಆದ್ದರಿಂದ "ಖಾಲಿ ಇದ್ದರೆ ಮಾತ್ರ ಇವರ ಹೆಸರಿಗೆ ಹಾಕು" ಎಂದು ಒಂದೇ ಆದೇಶ ಕೊಡಬೇಕು. ಡೇಟಾಬೇಸಿನಲ್ಲಿ ಒಂದು ಸೀಟಿಗೆ ಒಂದು ಸಾಲು; ಎಷ್ಟು ಸಾಲು ಬದಲಾಯಿತೆಂದು ಅದನ್ನೇ ಕೇಳಬೇಕು. ಒಂದು ಎಂದರೆ ಸೀಟು ಸಿಕ್ಕಿತು, ಸೊನ್ನೆ ಎಂದರೆ ಬೇರೆಯವರ ಪಾಲಾಯಿತು.

ರಬ್ಬರಿನದ್ದು, ಅಂದರೆ ಹತ್ತು ನಿಮಿಷ ಮುಗಿದ ಮೇಲೆ ಹೆಸರು ಅಳಿಸುವುದು, ಇನ್ನೂ ದೊಡ್ಡ ತಲೆಬಿಸಿ. ಬ್ಯಾಂಕಿನ ಉತ್ತರ ಹನ್ನೊಂದನೆಯ ನಿಮಿಷಕ್ಕೆ ಬಂದರೆ? ದುಡ್ಡು ಹೋಗಿದೆ, ಸೀಟು ಬೇರೆಯವರಿಗೆ. ಹಾಗೆಂದು ಒಂದು ಗಂಟೆ ಹಿಡಿದಿಟ್ಟರೆ, ಕೊಳ್ಳುವ ಮನಸ್ಸಿಲ್ಲದವನೂ ಶನಿವಾರದ ಇಡೀ ಬಸ್ಸನ್ನು ಕಟ್ಟಿಹಾಕಬಲ್ಲ. ಕೊನೆಗೆ, ಬ್ಯಾಂಕಿನ ಪುಟಕ್ಕೆ ಹೋದ ಸೀಟನ್ನು ಬ್ಯಾಂಕನ್ನು ಕೇಳದೆ ಅಳಿಸಬಾರದು ಎಂದು ಮಾಡಿದೆವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ತಾರೀಕಿನದ್ದೂ ಒಂದು ಕತೆ. ಬೆಂಗಳೂರಿನಿಂದ ರಾತ್ರಿ ವಾಪಸ್ ಹೊರಟ ಬಸ್ಸು ಹಾಸನ ಮುಟ್ಟುವಾಗ ಮಧ್ಯರಾತ್ರಿ ದಾಟಿರುತ್ತದೆ. ಟಿಕೆಟಿನಲ್ಲಿದ್ದದ್ದು ಬಸ್ಸು ಹೊರಡುವ ತಾರೀಕು. ಅದನ್ನು ನಂಬಿ ಒಬ್ಬರು ಹಾಸನದಲ್ಲಿ ಒಂದು ದಿನ ಮುಂಚೆಯೇ ಬಂದು ನಿಂತಿದ್ದರು. ಆಮೇಲೆ ಹತ್ತುವ ಜಾಗದ ತಾರೀಕನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆವು.

ಮಳೆಗಾಲದಲ್ಲಿ ಕುಂದಾಪುರದ ಬುಕಿಂಗ್ ಆಫೀಸಿನ ಫೋನ್ ಲೈನು ಸತ್ತರೆ ವಾಪಸ್ ಬರುವುದು ಯಾವಾಗಲೋ. ಅಲ್ಲಿಯ ಏಜೆಂಟರಿಗೆ ನಾಲ್ಕು ಸೀಟು ಕೋಟಾ ಕೊಟ್ಟು, ಪುಸ್ತಕದಲ್ಲೇ ಬರೆದುಕೊಳ್ಳಿ ಎಂದೆವು. ಉಳಿದದ್ದನ್ನು ಸಂಜೆ ಆರರೊಳಗೆ ಪಕ್ಕದ ಅಂಗಡಿಯಿಂದಾದರೂ ಫೋನ್ ಮಾಡಿ ಹೇಳಬೇಕು. ಫೋನ್ ಬಾರದಿದ್ದರೆ ನಾಲ್ಕೂ ಮಾರಿಹೋಗಿವೆ ಎಂದೇ ಲೆಕ್ಕ. ಸೀಟು ಖಾಲಿ ಹೋದರೆ ನಷ್ಟ ನೂರಿನ್ನೂರು. ಒಂದೇ ಸೀಟಿಗೆ ಇಬ್ಬರು ಬಂದು ನಿಂತರೆ ಆ ಮಳೆಯಲ್ಲಿ ಪಂಚಾಯ್ತಿಕೆ ಮಾಡುವವರು ಯಾರು?