ಹಿಮೋಗ್ಲೋಬಿನ್ ಸರಿಹೋಯ್ತು, ಪಾದದ ಜೋಮು ಯಾಕೆ ಹೋಗಿಲ್ಲ?

ಪ್ರಶ್ನೆ: ನಮ್ಮ ಅಮ್ಮನಿಗೆ ಪರ್ನಿಶಿಯಸ್ ಅನೀಮಿಯಾ (ವಿಟಮಿನ್ ಬಿ12 ಮೈಗೆ ಹತ್ತದೆ ರಕ್ತ ಕಡಿಮೆಯಾಗುವ ಕಾಯಿಲೆ) ಇದೆ. ಬಿ12 ಇಂಜೆಕ್ಷನ್ ಕೊಡಿಸಿದ ಮೇಲೆ ಹಿಮೋಗ್ಲೋಬಿನ್ ಸರಿಯಾಗಿದೆ. ಪಾದದ ಜೋಮು ಮಾತ್ರ ಹಾಗೇ ಇದೆ. ಇನ್ನು ಇಂಜೆಕ್ಷನ್ ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ರಕ್ತದ ರಿಪೋರ್ಟ್ ಚೆನ್ನಾಗಿ ಬಂತು ಅಂದರೆ ನರವೂ ಸರಿಹೋಯ್ತು ಅಂತ ಅಲ್ಲ.

ರಕ್ತಕಣಗಳು ದಿನಾ ಹೊಸದಾಗಿ ಹುಟ್ಟುತ್ತವೆ. ಹಾಗಾಗಿ ಬಿ12 ಸಿಕ್ಕಿದರೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ರಕ್ತ ಚೇತರಿಸಿಕೊಳ್ಳುತ್ತದೆ. ನರಕ್ಕೆ ಆ ಅನುಕೂಲ ಇಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್‌ನಂತೆ ನರದ ಎಳೆಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಬಿ12 ಇಲ್ಲದಿದ್ದರೆ ಅದು ಹಾಳಾಗುತ್ತದೆ. ಪಾದದ ನರಗಳ ಜೊತೆಗೆ ಬೆನ್ನುಹುರಿಯ ಹಿಂಭಾಗಕ್ಕೂ ಪೆಟ್ಟು ಬೀಳುತ್ತದೆ. ಕಾಲು ಎಲ್ಲಿದೆ ಅಂತ ಮಿದುಳಿಗೆ ತಿಳಿಸುವ ದಾರಿ ಅದು. ಅದಕ್ಕೇ ಇಂಥವರು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ವಾಲುತ್ತಾರೆ. ಕಾಲಿನಿಂದ ಚಪ್ಪಲಿ ಜಾರಿದ್ದೂ ಕೆಲವರಿಗೆ ಗೊತ್ತಾಗುವುದಿಲ್ಲ. ಡಾಕ್ಟರು ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಕಂಪಿಸುವ ಲೋಹದ ಕವಲು) ತಟ್ಟಿ ಕಾಲ್ಬೆರಳಿಗೆ ಇಟ್ಟು ನೋಡುವುದೂ ಇದಕ್ಕೇ. ಕಂಪನ ತಿಳಿಯದಿದ್ದರೆ ನರಕ್ಕೆ ಪೆಟ್ಟಾಗಿದೆ ಅಂತ ಸುಳಿವು.

ಹಾಲು, ಮೊಟ್ಟೆ ಜಾಸ್ತಿ ಕೊಟ್ಟರೆ ಸಾಲದಾ? ಸಾಲದು. ಊಟದಲ್ಲಿರುವ ಬಿ12 ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ತಯಾರಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಬೇಕು. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಕೆಡಿಸಿರುತ್ತದೆ. 1926ರಲ್ಲಿ ಬಾಸ್ಟನ್‌ನ ವೈದ್ಯರಾದ ಮೈನಾಟ್ ಮತ್ತು ಮರ್ಫಿ ದಿನಾ ಬಹಳಷ್ಟು ಲಿವರ್ (ಅದರಲ್ಲಿ ಬಿ12 ತುಂಬಾ ಇರುತ್ತದೆ) ತಿನ್ನಿಸಿ ರೋಗಿಗಳು ಚೇತರಿಸಿಕೊಂಡದ್ದನ್ನು ತೋರಿಸುವವರೆಗೆ ಇದು ಜೀವ ತೆಗೆಯುವ ಕಾಯಿಲೆಯಾಗಿತ್ತು. ಆ ಕೆಲಸಕ್ಕೆ 1934ರಲ್ಲಿ ವಿಪಲ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಅವರಿಗೆ ನೊಬೆಲ್ ಬಂತು. ಈಗ ಲಿವರ್ ಬೇಡ, ಆದರೆ ಬಿ12 ಜೀವನಪೂರ್ತಿ ಬೇಕು.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. "ರಕ್ತ ಕಮ್ಮಿ ಇದೆ" ಅಂತ ಮೆಡಿಕಲ್ ಶಾಪ್‌ನಿಂದ ಸುಮ್ನೆ ಫೋಲಿಕ್ ಆ್ಯಸಿಡ್ (ಇನ್ನೊಂದು ಬಿ ವಿಟಮಿನ್) ತಂದು ಕೊಡಬೇಡಿ. ಬರೀ ಅದರಿಂದಲೇ ಹಿಮೋಗ್ಲೋಬಿನ್ ಏರಬಹುದು. ಒಳಗೆ ನರ ಕೆಡುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 1940ರ ದಶಕದಲ್ಲಿ ಇದನ್ನೇ ಮದ್ದು ಅಂತ ಕೊಟ್ಟು ನೋಡಿದಾಗ ವೈದ್ಯರಿಗೆ ಈ ಅಪಾಯ ಗೊತ್ತಾಯಿತು.

ಜೋಮು ಕಡಿಮೆಯಾಗಲು ಆರು ತಿಂಗಳು, ಕೆಲವೊಮ್ಮೆ ವರ್ಷವೂ ಬೇಕು. ಬೇಗ ಚಿಕಿತ್ಸೆ ಶುರುವಾಗಿದ್ದರೆ ಪೂರ್ತಿ ಹೋಗಬಹುದು. ಬಹಳ ಹಳೆಯದಾಗಿದ್ದರೆ ಸ್ವಲ್ಪ ಉಳಿದುಬಿಡಬಹುದು. ಶುಗರ್, ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದೂ ಬಿ12 ಇಳಿಸುತ್ತದೆ. ಬಚ್ಚಲುಮನೆ ಗೋಡೆಗೆ ಹಿಡಿಕೆ ಹಾಕಿಸಿ. ನಡಿಗೆ ಹದಗೆಡುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಮುಂದಿನ ಇಂಜೆಕ್ಷನ್ ದಿನದವರೆಗೆ ಕಾಯದೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.